ಬೆನ್ನುಮೂಳೆ ಸರ್ಜನ್ ಆಗಬೇಕೆಂದಿರುವ ಚಿತ್ತಾಪುರದ ತಂಗಿಗೆ

ಪ್ರಶ್ನೆ: ನಾನು ಚಿತ್ತಾಪುರ ತಾಲ್ಲೂಕಿನವಳು. ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಯಲ್ಲಿ ಸೀಟು ಸಿಕ್ಕಿ ಕಲಬುರಗಿಯಲ್ಲೇ ಎಂಬಿಬಿಎಸ್ ಓದಿದೆ. ಈಗ ಇಂಟರ್ನ್‌ಶಿಪ್ ನಡೆದಿದೆ. ಮೂಳೆ ವಿಭಾಗದ ಪೋಸ್ಟಿಂಗ್‌ನಲ್ಲಿ ಬೆನ್ನುಮೂಳೆಯ ಒಂದು ಆಪರೇಷನ್ ನೋಡಿದ ಮೇಲೆ ಇದೇ ನನ್ನ ಕೆಲಸ ಅನಿಸಿದೆ. ಮನೆಯಲ್ಲಿ ‘ಎಲುಬಿನ ಕೆಲಸ ಗಂಡಸರದು, ಹೆರಿಗೆ ಇಲ್ಲವೇ ಮಕ್ಕಳ ವಿಭಾಗ ತಗೋ’ ಎನ್ನುತ್ತಾರೆ. ಎಷ್ಟು ವರ್ಷದ ದಾರಿ ಇದು? ಹೆಣ್ಣುಮಗಳಿಗೆ ಆಗುವುದಿಲ್ಲವೇ? ಕಲಿತ ಮೇಲೆ ಕಲಬುರಗಿಯಲ್ಲೇ ಇರಲು ಸಾಧ್ಯವೇ, ಜನ ಹೈದರಾಬಾದಿಗೇ ಹೋಗುತ್ತಾರಲ್ಲ? ಇನ್ನೊಂದು ಮಾತು. ಅಪ್ಪ ಪರ್ಸಿ (ಹಾಸುಗಲ್ಲು) ಗಣಿಯಲ್ಲಿ ಮೂವತ್ತು ವರ್ಷ ಕಲ್ಲು ಎತ್ತಿದವರು, ಬೀಡಿ ಸೇದುತ್ತಾರೆ. ಸೈಕಲ್ ಮೇಲೆ ಎಷ್ಟು ದೂರವಾದರೂ ಹೋಗುತ್ತಾರೆ, ನಡೆದರೆ ಮಾತ್ರ ಎರಡು ಫರ್ಲಾಂಗಿಗೆ ಕಾಲು ಭಾರ ಎಂದು ಕುಕ್ಕರಗಾಲಲ್ಲಿ ಕೂಡುತ್ತಾರೆ. ದವಾಖಾನೆಗೆ ಕರೆದರೆ ‘ಬೆನ್ನಿಗೆ ಚೂರಿ ಹಾಕಿಸಿಕೊಂಡವರ ಕಾಲು ಹೋಗ್ತಾವ’ ಅಂತಾರೆ. ಅವರಿಗೆ ಏನು ಹೇಳಲಿ?

ಉತ್ತರ: ತಂಗಿ, ನಮ್ಮ ಕಡೆ ಕಿರಿಯರನ್ನು ಹೀಗೇ ಕರೆಯುವುದು ರೂಢಿ. ಅದಕ್ಕೇ ನೀನು ಎಂದೇ ಬರೆಯುತ್ತೇನೆ. ವರ್ಷಗಳ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ.

ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಇದು ನಿನ್ನ ಬೆನ್ನ ಹಿಂದಿದೆ. ಮುಂದೆ ನೀಟ್ ಪಿಜಿ ಬರೆದು ಎಂಎಸ್ ಆರ್ಥೋ ಅಥವಾ ಡಿಎನ್‌ಬಿ ಆರ್ಥೋ ಎಂಬ ಮೂಳೆ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಓದು, ಎರಡೂ 3 ವರ್ಷ. ಆಮೇಲೆ ಬೆನ್ನುಮೂಳೆಗೆಂದೇ ಬೇರೆ ತರಬೇತಿ. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಎಫ್‌ಎನ್‌ಬಿ ಸ್ಪೈನ್ ಸರ್ಜರಿ ಫೆಲೋಶಿಪ್ 2 ವರ್ಷದ್ದು, ಅದಕ್ಕೆ ಮತ್ತೊಂದು ಪ್ರವೇಶ ಪರೀಕ್ಷೆ ಇದೆ. ದೇಶದ ಬೆನ್ನುಮೂಳೆ ಸರ್ಜನ್‌ಗಳ ಸಂಘ ಮತ್ತು ಎಓ ಸ್ಪೈನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಕೊಡುವ ಚಿಕ್ಕ ಫೆಲೋಶಿಪ್‌ಗಳೂ ಇವೆ. ನಡುವೆ ಒಂದಷ್ಟು ಕಾಲ ಸೀನಿಯರ್ ರೆಸಿಡೆಂಟ್ ಕೆಲಸ, ಪ್ರವೇಶ ಪರೀಕ್ಷೆ ಎರಡನೇ ಸಲ ಬರೆಯಬೇಕಾಗಿ ಬಂದರೆ ಅದಕ್ಕೊಂದು ವರ್ಷ. ಒಟ್ಟಿನಲ್ಲಿ ಹದಿನೆಂಟಕ್ಕೆ ಕಾಲೇಜು ಸೇರಿದವಳು ‘ಇನ್ನು ಒಬ್ಬಳೇ ಮಾಡಬಲ್ಲೆ’ ಎನ್ನುವ ಹೊತ್ತಿಗೆ ಮೂವತ್ತೆರಡಾಗಿರುತ್ತದೆ. ನಿನ್ನ ಜೊತೆಯವರು ಅಷ್ಟರಲ್ಲಿ ಮನೆ ಕಟ್ಟಿ ಗೃಹಪ್ರವೇಶಕ್ಕೆ ಕರೆದಿರುತ್ತಾರೆ. ಅದು ಸಣ್ಣ ಕಷ್ಟವಲ್ಲ. ಮನೆಯವರ ಮುಂದೆ ಈ ಲೆಕ್ಕವನ್ನು ಈಗಲೇ ಬಿಚ್ಚಿಡು.

ನರಶಸ್ತ್ರಚಿಕಿತ್ಸೆಯ ದಾರಿಯಿಂದಲೂ ಬೆನ್ನಿಗೆ ಬರಬಹುದು. ಜನರಲ್ ಸರ್ಜರಿ ಎಂಎಸ್ ಮಾಡಿ ನರಶಸ್ತ್ರಚಿಕಿತ್ಸೆಯಲ್ಲಿ 3 ವರ್ಷದ ಎಂಸಿಎಚ್ ಪದವಿ ಓದಿದರೆ ಅಲ್ಲಿಗೂ ಮೂವತ್ತು ದಾಟುತ್ತದೆ. ಬೆನ್ನುಹುರಿಯ ಪೊರೆಯೊಳಗಿನ ಗಡ್ಡೆ ಅವರ ಕೈಗೇ ಸೇರಿದ್ದು. ಮುರಿತ, ಕ್ಷಯ, ಗೂನು, ಸ್ಕ್ರೂ ಹಾಕಿ ಮಣಕ (ಬೆನ್ನುಮೂಳೆಯ ಒಂದೊಂದು ಎಲುಬು) ಜೋಡಿಸುವುದು ಹೆಚ್ಚಾಗಿ ನಮ್ಮ, ಅಂದರೆ ಮೂಳೆ ಸರ್ಜನ್ನರ ಕಡೆಯ ಕೆಲಸ. ಡಿಸ್ಕ್, ಅಂದರೆ ಮಣಕಗಳ ನಡುವಿನ ಮೆತ್ತೆಯ ಆಪರೇಷನ್ ಇಬ್ಬರೂ ಮಾಡುತ್ತಾರೆ. ಯಾವುದು ಮೇಲು ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ನಿನಗೆ ಎಲುಬು ಇಷ್ಟವೋ ನರ ಇಷ್ಟವೋ ನೋಡಿಕೋ.

ನನಗೆ ನಿಜವಾಗಿ ಹೇಳಬೇಕಾದ್ದು ಬೇರೆ ಇದೆ. ನೀನು ನೋಡಿ ಮನಸೋತದ್ದು ಆಪರೇಷನ್. ಈ ವೃತ್ತಿಯ ತಿರುಳು ಮಾತ್ರ ಓಪಿಡಿಯಲ್ಲಿ, ಹೊರರೋಗಿಗಳನ್ನು ನೋಡುವ ಕೋಣೆಯಲ್ಲಿದೆ. ಯಾರಿಗೆ ಚೂರಿ ಹಾಕಬೇಕು, ಯಾರಿಗೆ ಹಾಕಬಾರದು, ಯಾರಿಗೆ ಇನ್ನು ಆರು ವಾರ ಕಾಯಿರಿ ಎನ್ನಬೇಕು, ಯಾರನ್ನು ಈ ರಾತ್ರಿಯೇ ಓಟಿಗೆ (ಆಪರೇಷನ್ ಥಿಯೇಟರಿಗೆ) ಒಯ್ಯಬೇಕು ಎಂಬ ತೀರ್ಮಾನ. ಸ್ಕ್ರೂ ಹಾಕುವುದನ್ನು ಎರಡು ವರ್ಷದಲ್ಲಿ ಕಲಿಸಬಹುದು. ಇದು ಕೈಗೆ ಹತ್ತಲು ಬಹಳ ಕಾಲ ಬೇಕು.

ನಮ್ಮ ಓಪಿಡಿಗೆ ಬರುವವರು ಎಂಆರ್‌ಐ ಫಿಲ್ಮನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡೇ ಬರುತ್ತಾರೆ. ‘ಸಾಹೇಬ್ರ, ಟೊಂಕದಾಗ ಗ್ಯಾಪ್ ಆಗ್ಯಾದ ಅಂದಾರ, ಮಣಕ ಸವದಾವ ಅಂದಾರ, ಆಪರೇಷನ್ ಮಾಡೇಬಿಡ್ರಿ’ ಅಂತಾರೆ. ಆ ಗ್ಯಾಪ್ ಎಂಬ ಮಾತು ಯಾರು ಶುರು ಮಾಡಿದರೋ, ಜನರನ್ನು ಬಹಳ ಹೆದರಿಸಿದೆ. ನೋವೇ ಇಲ್ಲದ ನಲವತ್ತು, ಐವತ್ತರ ಮನುಷ್ಯರ ಫಿಲ್ಮ್ ತೆಗೆದರೂ ಎಷ್ಟೋ ಜನರಲ್ಲಿ ಡಿಸ್ಕ್ ಉಬ್ಬಿದ್ದು ಕಾಣುತ್ತದೆ. ಡಿಸ್ಕ್ ಜಾರಿ ಕಾಲಿಗೆ ನೋವು ಇಳಿದವರಲ್ಲೂ ಹೆಚ್ಚಿನವರು ಆರರಿಂದ ಹನ್ನೆರಡು ವಾರದಲ್ಲಿ ಆಪರೇಷನ್ ಇಲ್ಲದೆಯೇ ಸುಧಾರಿಸುತ್ತಾರೆ. ಹೊರಬಂದ ಡಿಸ್ಕ್ ತುಣುಕನ್ನು ದೇಹವೇ ಕರಗಿಸುತ್ತದೆ. ಕಲಬುರಗಿಯ ನೆಹರೂ ಗಂಜ್‌ನಲ್ಲಿ ತೊಗರಿ ಚೀಲ ಹೊರುವ ಹಮಾಲರೊಬ್ಬರಿಗೆ ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಅವರಿಗೆ ಆರು ವಾರ ಎಂದರೆ ಆರು ವಾರದ ಕೂಲಿ. ಆದರೂ ಹೇಳಬೇಕು. ಕಾಲಿನ ಬಲ ಕುಸಿಯುತ್ತ ಬಂದರೆ, ಮೂತ್ರ ಕಟ್ಟಿದರೆ, ಕೂಡುವ ಜಾಗ ಮರಗಟ್ಟಿದರೆ ಮಾತ್ರ ಕಾಯುವಂತಿಲ್ಲ. ಆಗ ಗಂಟೆಗಳ ಲೆಕ್ಕ. ಓಪಿಡಿಯ ಆ ಗದ್ದಲದಲ್ಲಿ ‘ಮೂತ್ರ ಸರಿಯಾಗಿ ಹೋಗ್ತದೇನ್ರಿ?’ ಎಂದು ಪ್ರತಿಯೊಬ್ಬರನ್ನೂ ಕೇಳುವ ಅಭ್ಯಾಸವನ್ನು ಇವತ್ತಿನಿಂದಲೇ ಮಾಡಿಕೋ. ಹೆಣ್ಣುಮಕ್ಕಳು ಗಂಡು ಡಾಕ್ಟರ ಮುಂದೆ ಆ ಮಾತು ಬಾಯಿಬಿಟ್ಟು ಹೇಳುವುದೇ ಇಲ್ಲ. ನಿನ್ನ ಮುಂದೆ ಹೇಳುತ್ತಾರೆ.

ನಾನು ತಪ್ಪಿದ್ದೊಂದನ್ನು ಹೇಳಲೇಬೇಕು. ಸ್ವತಂತ್ರವಾಗಿ ಕೆಲಸ ಶುರು ಮಾಡಿದ ಎರಡನೇ ವರ್ಷ. ನಲವತ್ತರ ಆಸುಪಾಸಿನ ಲಾರಿ ಡ್ರೈವರ್, ಟೊಂಕದಿಂದ ತೊಡೆಗೆ ಇಳಿಯುವ ನೋವು, ಎಂಆರ್‌ಐನಲ್ಲಿ ನಾಲ್ಕು ಮತ್ತು ಐದನೇ ಸೊಂಟದ ಮಣಕದ ನಡುವೆ ಡಿಸ್ಕ್ ಉಬ್ಬು. ಮೂರು ತಿಂಗಳು ಔಷಧಿಗೆ ಬಗ್ಗಿರಲಿಲ್ಲ. ಆಪರೇಷನ್ ಮಾಡಿದೆ, ಚೆನ್ನಾಗಿಯೇ ಆಯಿತು. ನೋವು ಹಾಗೇ ಉಳಿಯಿತು. ಎರಡು ತಿಂಗಳ ಮೇಲೆ ಅವರು ಕುಂಟುತ್ತ ಬಂದರು. ಆವತ್ತು ಮಲಗಿಸಿ, ಮೊಣಕಾಲು ಮಡಚಿ ತೊಡೆಯನ್ನು ಒಳಕ್ಕೆ ತಿರುಗಿಸಿದೆ. ಅವರು ಚೀರಿದರು. ಎಕ್ಸ್‌ರೇ ತೆಗೆಸಿದರೆ ತೊಡೆಮೂಳೆಯ ತಲೆ ರಕ್ತ ಸಿಗದೆ ಕುಸಿದಿತ್ತು. ನೋವು ಮೊದಲಿನಿಂದಲೂ ಸೊಂಟದ ಕೀಲಿನದು, ಅಂದರೆ ತೊಡೆ ಸೊಂಟಕ್ಕೆ ಸೇರುವ ಕೀಲಿನದು. ಒಂದು ನಿಮಿಷದ ಪರೀಕ್ಷೆ, ಅದನ್ನು ನಾನು ಮಾಡಿರಲಿಲ್ಲ, ಫಿಲ್ಮ್ ನೋಡಿ ಆಪರೇಷನ್ ಮಾಡಿದ್ದೆ. ಅವರ ಮುಂದೆ ಕೂತು, ನನ್ನಿಂದ ತಪ್ಪಾಗಿದೆ ಎಂದು ಹೇಳಿದೆ. ಅಂದಿನಿಂದ ಬೆನ್ನಿನ ನೋವೆಂದು ಬಂದ ಯಾರ ಸೊಂಟದ ಕೀಲನ್ನೂ ತಿರುಗಿಸಿ ನೋಡದೆ ಕಳಿಸಿಲ್ಲ.

ನಮ್ಮ ಸೀಮೆಯ ಬೆನ್ನಿನ ರೋಗಗಳಿಗೆ ಇಲ್ಲಿಯದೇ ಗುರುತುಗಳಿವೆ. ಊರು ಗೊತ್ತಿದ್ದ ಡಾಕ್ಟರಿಗೆ ಅವು ಬೇಗ ಕಾಣುತ್ತವೆ.

ಏಪ್ರಿಲ್, ಮೇ ಬಂತೆಂದರೆ ಮಾಳಿಗೆಯಿಂದ ಬಿದ್ದವರು ಬರುತ್ತಾರೆ. ಸೆಕೆಗೆ ಮಾಳಿಗೆ ಮೇಲೆ ಹಾಸಿಗೆ ಹಾಸುತ್ತೇವೆ, ಎಷ್ಟೋ ಮನೆಗಳಿಗೆ ಅಂಚಿನ ಗೋಡೆ ಇರುವುದಿಲ್ಲ, ನಡುರಾತ್ರಿ ನಿದ್ದೆಗಣ್ಣಲ್ಲಿ ಎದ್ದು ಹೆಜ್ಜೆ ತಪ್ಪುತ್ತಾರೆ. ಎದೆಯ ಕೊನೆಯ ಮಣಕ ಮತ್ತು ಸೊಂಟದ ಮೊದಲ ಮಣಕ ಸೇರುವಲ್ಲಿ ಎಲುಬು ಒಡೆಯುತ್ತದೆ, ಏಕೆಂದರೆ ಮೇಲಿನ ಭಾಗಕ್ಕೆ ಪಕ್ಕೆಲುಬಿನ ಬಿಗಿ ಇದೆ, ಕೆಳಗಿನದು ಸಡಿಲ, ಪೆಟ್ಟೆಲ್ಲ ಆ ಸಂದಿನಲ್ಲಿ ನಿಲ್ಲುತ್ತದೆ. ಬಿದ್ದವರನ್ನು ಗಾಬರಿಯಲ್ಲಿ ಎತ್ತಿ ಆಟೋದಲ್ಲಿ ಕೂಡಿಸಿಕೊಂಡು ಬರುವವರು ಈಗಲೂ ಇದ್ದಾರೆ. ಕಾಲು ಆಡುತ್ತಿದ್ದವನು ದವಾಖಾನೆ ಮುಟ್ಟುವ ಹೊತ್ತಿಗೆ ಕಾಲು ಆಡಿಸದಂತಾಗುವುದು ಹೀಗೆ. 108ಕ್ಕೆ ಕರೆ ಮಾಡಿ, ಅದು ಬರುವತನಕ ಅಲ್ಲಾಡಿಸಬೇಡಿ, ಎತ್ತಲೇಬೇಕಾದರೆ ಬಾಗಿಲ ಹಲಗೆಯ ಮೇಲೆ ನಾಲ್ಕು ಜನ ಸೇರಿ ಮೈ ತಿರುಚದಂತೆ ಒಟ್ಟಿಗೆ ಹೊರಳಿಸಿ ಮಲಗಿಸಿ. ಇದನ್ನು ಊರೂರಿಗೆ ಹೇಳುವುದೂ ಬೆನ್ನುಮೂಳೆ ಸರ್ಜನ್ನರ ಕೆಲಸವೇ.

ಬೆನ್ನುಮೂಳೆಯ ಕ್ಷಯದ (ಟಿಬಿಯ) ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಇದನ್ನು ಹಿಡಿಯುವ ಡಾಕ್ಟರು ಮೊದಲ ತಿಂಗಳಲ್ಲೇ ಹಿಡಿಯಬೇಕು. ಆಳಂದದ ಕಡೆಯ ತಾಂಡಾದ ಒಬ್ಬ ತಾಯಿ. ಮುಂಬಯಿಗೆ ಗುಳೆ ಹೋಗಿ ಬಂದವರು. ಆರು ತಿಂಗಳಿಂದ ಬೆನ್ನುನೋವು, ಸಂಜೆಗೆ ಮೈ ಬೆಚ್ಚಗೆ, ತೂಕ ಇಳಿದಿತ್ತು. ಚಳುಕು ಎಂದುಕೊಂಡು, ಕಾಲು ಮುಂದಾಗಿ ಹುಟ್ಟಿದವರೊಬ್ಬರಿಂದ ಬೆನ್ನು ತುಳಿಸಿದ್ದರು. ನನ್ನ ಬಳಿ ಬರುವಾಗ ಮಗನ ಹೆಗಲ ಮೇಲಿದ್ದರು. ‘ಯಪ್ಪಾ, ಕಾಲಾಗ ಜೀವ ಇಲ್ದಂಗ ಆಗ್ಯಾದ’ ಅಂದರು. ಬೆನ್ನ ಮೇಲೆ ಕೈ ಆಡಿಸಿದರೆ ಎದೆಯ ಎಂಟನೇ ಮಣಕದ ಹತ್ತಿರ ಒಂದು ಉಬ್ಬು ಬೆರಳಿಗೆ ಸಿಕ್ಕಿತು. ಎಂಟು, ಒಂಬತ್ತನೇ ಮಣಕಗಳು ತಿಂದುಹೋಗಿ, ಕೀವು ಹುರಿಯನ್ನು ಒತ್ತಿತ್ತು. ಹುರಿಯ ಒತ್ತಡ ತೆಗೆದು, ಸ್ಕ್ರೂ ಹಾಕಿ ನಿಲ್ಲಿಸಿ, ಕೀವನ್ನು ಪರೀಕ್ಷೆಗೆ ಕಳಿಸಿದೆವು. ಔಷಧಿ ಹನ್ನೆರಡು ತಿಂಗಳು. ಐದನೇ ತಿಂಗಳಿಗೆ ಆಕೆ ನಡೆದು ಬಂದರು, ಜೋಳದ ರೊಟ್ಟಿ ಕಟ್ಟಿಕೊಂಡು ಬಂದಿದ್ದರು.

ಈ ರೋಗವನ್ನು ಇಂಗ್ಲೆಂಡಿನ ಪರ್ಸಿವಲ್ ಪಾಟ್ 1779ರಲ್ಲೇ ವಿವರಿಸಿದ್ದ, ಹಾಗಾಗಿ ಇಂದಿಗೂ ಪಾಟ್ಸ್ ಸ್ಪೈನ್ ಎನ್ನುತ್ತೇವೆ. ಔಷಧಿ ಬಂದ ಮೇಲೆ ಜಗತ್ತು ಎರಡಾಯಿತು. ಎಲ್ಲರಿಗೂ ಆಪರೇಷನ್ ಮಾಡಿ ಕೊಳೆತ ಎಲುಬು ತೆಗೆಯಬೇಕು ಎನ್ನುವವರು ಒಂದು ಕಡೆ, ಬರೀ ಗುಳಿಗೆ ಸಾಕು ಎನ್ನುವವರು ಇನ್ನೊಂದು ಕಡೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿದ್ದ ಪ್ರೊಫೆಸರ್ ಎಸ್.ಎಂ. ತುಲಿ ಅವರು ನಡುವಿನ ದಾರಿ ತೋರಿಸಿದರು: ಮೊದಲು ಔಷಧಿ, ಲಕ್ವ ಬಂದು ಸುಧಾರಿಸದಿದ್ದರೆ, ಮಣಕ ಕುಸಿಯುತ್ತಿದ್ದರೆ, ಕೀವು ಇಳಿಯದಿದ್ದರೆ ಮಾತ್ರ ಆಪರೇಷನ್. ನಮ್ಮ ದೇಶದ ರೋಗಿಗಳನ್ನು ನೋಡಿಯೇ ಕಟ್ಟಿದ ದಾರಿ ಅದು. ಜಗತ್ತಿನ ಪುಸ್ತಕಗಳು ಒಪ್ಪಿಕೊಂಡಿವೆ. ಕ್ಷಯದ ಔಷಧಿ ಸರಕಾರದಿಂದ ಪುಕ್ಕಟೆ ಸಿಗುತ್ತದೆ. ರಾತ್ರಿ ನಿದ್ದೆ ಕೆಡಿಸುವ ಬೆನ್ನುನೋವು, ಜ್ವರ, ತೂಕ ಇಳಿಕೆ, ಈ ಮೂರು ಸೇರಿದರೆ ತಡಮಾಡದೆ ಕ್ಷಯ ಹುಡುಕು.

ಇನ್ನು ಫ್ಲೋರೈಡ್. ಯಾದಗಿರಿ, ಕಲಬುರಗಿ ಜಿಲ್ಲೆಗಳ ಕೆಲವು ಊರುಗಳ ಕೊಳವೆಬಾವಿ ನೀರಲ್ಲಿ ಅದು ಹೆಚ್ಚು. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೂ 1.5ಕ್ಕೆ ಮಿತಿ. ಹಲ್ಲಿನ ಕಂದು ಪಟ್ಟಿ ಎಲ್ಲರಿಗೂ ಗೊತ್ತು. ಬೆನ್ನಿನಲ್ಲಿ ಆಗುವುದು ಯಾರಿಗೂ ಕಾಣುವುದಿಲ್ಲ. ಮಣಕಗಳನ್ನು ಕಟ್ಟಿದ ಪಟ್ಟಿಗಳು ವರ್ಷಗಟ್ಟಲೆ ನಿಧಾನವಾಗಿ ಎಲುಬಾಗುತ್ತ ಹುರಿಯ ಕೊಳವೆಯನ್ನು ಇಕ್ಕಟ್ಟು ಮಾಡುತ್ತವೆ. ಆ ಮನುಷ್ಯ ಹಿಂದೆ ಯಾರಾದರೂ ಕರೆದರೆ ಕತ್ತು ತಿರುಗಿಸಲಾಗದೆ ಇಡೀ ಮೈ ತಿರುಗಿಸುತ್ತಾನೆ, ಬಿಗಿದ ಕಾಲು ಎಳೆಯುತ್ತ ನಡೆಯುತ್ತಾನೆ. ಮೊಣಕಾಲ ಕೆಳಗೆ ಸುತ್ತಿಗೆ ತಾಕಿಸಿದರೆ ಕಾಲು ಜೋರಾಗಿ ಚಿಮ್ಮುತ್ತದೆ. ಇಂಥವರ ಟೊಂಕದ ಎಂಆರ್‌ಐ ಮಾಡಿಸಿ ‘ಏನೂ ಇಲ್ಲ’ ಎಂದು ಕಳಿಸಿದ್ದನ್ನು ನೋಡಿದ್ದೇನೆ. ಒತ್ತು ಇರುವುದು ಎದೆಯ ಹಿಂದೆ ಇಲ್ಲವೇ ಕುತ್ತಿಗೆಯಲ್ಲಿ. ಇದರ ಆಪರೇಷನ್ ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಠಿಣ. ಎಲುಬಾದ ಪಟ್ಟಿ ಹುರಿಯ ಪೊರೆಗೆ ಅಂಟಿಕೊಂಡಿರುತ್ತದೆ, ಬರ್ ಎಂಬ ಸಣ್ಣ ಸವೆಸುವ ಯಂತ್ರದಿಂದ ಅದನ್ನು ಕಾಗದದಷ್ಟು ತೆಳುವಾಗುವತನಕ ಸವೆಸಿ ಆಮೇಲೆ ಎತ್ತಬೇಕು. ಅಂಥ ಪ್ರತಿ ಆಪರೇಷನ್ ಮುಗಿಸಿದಾಗಲೂ ಇದು ಒಳ್ಳೆ ನೀರು ಕೊಟ್ಟಿದ್ದರೆ ಆಗುತ್ತಲೇ ಇರಲಿಲ್ಲ ಎಂಬ ಸಿಟ್ಟು ಬರುತ್ತದೆ ನನಗೆ.

ಕೈಯ ಕೆಲಸದ ಬಗ್ಗೆ ನೀನು ಕೇಳಿಲ್ಲ, ಆದರೆ ನಿನಗೆ ಇಷ್ಟವಾದದ್ದು ಅದೇ ಅಲ್ಲವೇ. ರೋಗಿಯನ್ನು ಬೋರಲು ಮಲಗಿಸುವುದರಿಂದಲೇ ಆಪರೇಷನ್ ಶುರು. ಎದೆಗೂ ಸೊಂಟಕ್ಕೂ ದಿಂಬು ಕೊಟ್ಟು ಹೊಟ್ಟೆ ಜೋತಾಡುವಂತೆ ಬಿಡಬೇಕು. ಹೊಟ್ಟೆ ಒತ್ತಿದರೆ ಹುರಿಯ ಸುತ್ತಲಿನ ಸಿರೆಗಳು ಉಬ್ಬಿ, ಒಳಗೆ ರಕ್ತವೇ ಕಾಣುತ್ತದೆ, ನರ ಕಾಣುವುದಿಲ್ಲ. ಕಣ್ಣಿನ ಮೇಲೆ ಒತ್ತಡ ಬಿದ್ದಿದೆಯೇ ಎಂದು ನೀನೇ ಬಗ್ಗಿ ನೋಡಬೇಕು. ಸ್ಕ್ರೂ ಹಾಕುವಾಗ ಮಣಕದ ಹಿಂಭಾಗದಿಂದ ಮುಂಭಾಗಕ್ಕೆ ಹೋಗುವ ಒಂದು ಗಿಡ್ಡ ಎಲುಬಿನ ಸೇತುವೆಯೊಳಗೇ ಹೋಗಬೇಕು, ಪೆಡಿಕಲ್ ಅನ್ನುತ್ತೇವೆ. ಸೊಂಟದಲ್ಲಿ 6.5 ಮಿ.ಮೀ. ದಪ್ಪದ ಸ್ಕ್ರೂ ಸಲೀಸು, ಎದೆಯ ನಡುಭಾಗದಲ್ಲಿ ಕೆಲವರಿಗೆ ಆ ಸೇತುವೆಯ ಅಗಲವೇ 4–5 ಮಿ.ಮೀ. ಒಳಗೋಡೆ ಒಡೆದರೆ ಆಚೆಗೆ ನರ. ಸ್ಕ್ರೂಗೆ ದಾರಿ ಮಾಡುವ ಕಡ್ಡಿಯನ್ನು ಒತ್ತುವಾಗ ಗಟ್ಟಿ ಬೆಲ್ಲದ ಹೆಂಟೆಯೊಳಗೆ ದಬ್ಬಣ ಇಳಿಸಿದಂತೆ ಕರಕರ ಎಂದು ಒಂದೇ ಹದದಲ್ಲಿ ಹೋಗುತ್ತಿರಬೇಕು. ಒಮ್ಮೆಲೇ ಸಡಿಲಾಯಿತೋ, ದಾರಿ ತಪ್ಪಿತು. ಆಮೇಲೆ ತುದಿಯಲ್ಲಿ ಸಣ್ಣ ಗುಂಡಿರುವ ತೆಳ್ಳನೆಯ ತಂತಿಯಿಂದ ತೂತಿನ ನಾಲ್ಕು ಗೋಡೆ, ಒಂದು ತಳ, ಐದನ್ನೂ ಮುಟ್ಟಿ ನೋಡುತ್ತೇವೆ. ಸಿ-ಆರ್ಮ್ (ಓಟಿಯೊಳಗಿನ ಎಕ್ಸ್‌ರೇ ಯಂತ್ರ) ಚಿತ್ರ ಚೆಂದ ಕಂಡರೂ ಬೆರಳು ಒಪ್ಪದಿದ್ದರೆ ನಾನು ಸ್ಕ್ರೂ ಹಾಕುವುದಿಲ್ಲ.

ಈ ಕೆಲಸಕ್ಕೆ ತೋಳ್ಬಲ ಬೇಕು ಎನ್ನುವವರಿಗೆ ಇಷ್ಟು ಓದಿ ಹೇಳು. ಇಲ್ಲಿ ಬೇಕಾದದ್ದು ಬೆರಳ ತುದಿಯ ಅರಿವು, ನಾಲ್ಕೈದು ತಾಸು ಒಂದೇ ಭಂಗಿಯಲ್ಲಿ ನಿಲ್ಲುವ ತಾಳ್ಮೆ. ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಾ ಮಂಡಳಿಯ ಪರೀಕ್ಷೆ ಪಾಸಾದ ಮೊದಲ ಮಹಿಳೆ ರೂತ್ ಜಾಕ್ಸನ್, ಅದು 1937ರಲ್ಲಿ. ಆಕೆ ಹೆಸರು ಮಾಡಿದ್ದು ಕುತ್ತಿಗೆಯ ಮಣಕಗಳ ಕೆಲಸದಲ್ಲಿ. ಇದು ಗಂಡಸರ ಕೆಲಸ ಎನ್ನುವ ಮಾತು ಆಗಲೇ ಸುಳ್ಳಾಯಿತು, ನಮ್ಮ ಊರಿಗೆ ಸುದ್ದಿ ತಲುಪಿಲ್ಲ ಅಷ್ಟೇ.

ನಿಜವಾದ ಕಷ್ಟಗಳು ಬೇರೆ ಇವೆ. ಸೀಸದ ಏಪ್ರನ್ ಐದಾರು ಕಿಲೋ ತೂಗುತ್ತದೆ, ಅದನ್ನು ಹೊತ್ತು ದಿನವಿಡೀ ನಿಂತರೆ ಸರ್ಜನ್ನರ ಬೆನ್ನೇ ಹಿಡಿಯುತ್ತದೆ. ಭಾರವನ್ನು ಹೆಗಲಿಗೂ ಸೊಂಟಕ್ಕೂ ಹಂಚುವ, ಮೇಲೊಂದು ಕೆಳಗೊಂದು ಎರಡು ತುಂಡಿನದು ತಗೋ. ಗಂಡಸರ ಅಳತೆಯ ಏಪ್ರನ್ ಹೆಂಗಸರಿಗೆ ಕಂಕುಳ ಹತ್ತಿರ ತೆರೆದೇ ಇರುತ್ತದೆ, ಎದೆಯ ಪಕ್ಕಕ್ಕೆ ವಿಕಿರಣ ಬೀಳುತ್ತದೆ. ನಿನ್ನ ಅಳತೆಯದನ್ನು ಕೇಳಿ ತರಿಸಿಕೋ, ಸಂಕೋಚ ಮಾಡಬೇಡ. ಕತ್ತಿನ ಪಟ್ಟಿ ಮರೆಯಬೇಡ. ವಿಕಿರಣ ಅಳೆಯುವ ಬ್ಯಾಡ್ಜ್ ಹಾಕಿಕೊಳ್ಳದೆ ಓಟಿಗೆ ಹೋಗಬೇಡ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನಮಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ ಹಾಕಿದೆ. ಬಸಿರಾದೆ ಎಂದು ತಿಳಿಸಿದ ಮೇಲೆ ಹೊಟ್ಟೆಯ ಕೂಸಿಗೆ 1 ಮಿಲಿಸೀವರ್ಟ್ ಮೀರಬಾರದು. ಅಂದರೆ ಗೊತ್ತಾದ ದಿನವೇ ವಿಭಾಗದ ಮುಖ್ಯಸ್ಥರಿಗೆ ತಿಳಿಸಬೇಕು, ನಾಚಿಕೊಂಡು ಮುಚ್ಚಿಡುವಂತಿಲ್ಲ. ಆ ತಿಂಗಳುಗಳಲ್ಲಿ ಸಿ-ಆರ್ಮ್ ಬೇಡದ ಕೆಲಸ ಬೇಕಾದಷ್ಟಿದೆ. ಮನೆಯಲ್ಲಿ ಒಪ್ಪಂದವಿಲ್ಲದೆ ಮಾತ್ರ ಈ ದಾರಿ ಬಹಳ ಭಾರ. ರಾತ್ರಿ ಎರಡಕ್ಕೆ ಫೋನ್ ಬಂದಾಗ ಕೂಸನ್ನು ಎತ್ತಿಕೊಳ್ಳುವ ಇನ್ನೊಂದು ಕೈ ಬೇಕು. ಮದುವೆ ಮಾತಿಗೆ ಕೂತಾಗ ಬಂಗಾರದ ಲೆಕ್ಕಕ್ಕಿಂತ ಮೊದಲು ಇದನ್ನು ಕೇಳು.

ಈಗ ಅಪ್ಪನವರ ಹೆದರಿಕೆ. ‘ಕಾಲು ಹೋಗ್ತಾವ’ ಎಂಬ ಮಾತನ್ನು ನಾನು ವಾರಕ್ಕೆ ಹತ್ತು ಸಲ ಕೇಳುತ್ತೇನೆ. ಅದು ಮೂಢನಂಬಿಕೆ ಎಂದು ತಳ್ಳಿಹಾಕಬೇಡ, ಊರಲ್ಲಿ ಯಾರಿಗೋ ಆಗಿದ್ದನ್ನು ನೋಡಿಯೇ ಹೇಳುತ್ತಾರೆ. ಬಿದ್ದ ಪೆಟ್ಟಿಗೇ ಹುರಿ ಕತ್ತರಿಸಿದವನಿಗೆ ಆಪರೇಷನ್ ಮಾಡಿದರೂ ಕಾಲು ಬರಲಿಲ್ಲ, ಜನ ಅದನ್ನು ಆಪರೇಷನ್ ಲೆಕ್ಕಕ್ಕೆ ಬರೆದರು. ನಾನು ಅವರಿಗೆ ಚಿತ್ರ ಬರೆದು ತೋರಿಸುತ್ತೇನೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲನೇ ಮಣಕದ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆ ಬಾಲದಂತೆ ಬಿಡಿ ನರಗಳು ನೀರಲ್ಲಿ ತೇಲುತ್ತಿರುತ್ತವೆ. ನಮ್ಮ ಹೆಚ್ಚಿನ ಡಿಸ್ಕ್ ಆಪರೇಷನ್ನುಗಳು ನಾಲ್ಕು, ಐದನೇ ಮಣಕದಲ್ಲಿ, ಅಲ್ಲಿ ಹುರಿಯೇ ಇಲ್ಲ. ಒಂದು ನರಕ್ಕೆ ಪೆಟ್ಟಾಗಿ ಪಾದ ಜೋತುಬೀಳಬಹುದು, ಪೊರೆ ಹರಿದು ನೀರು ಸೋರಬಹುದು, ಸೋಂಕಾಗಬಹುದು, ಡಿಸ್ಕ್ ಮತ್ತೆ ಜಾರಬಹುದು. ಇದೆಲ್ಲವನ್ನೂ ಮುಚ್ಚಿಡದೆ ಹೇಳಬೇಕು. ಎದೆ, ಕುತ್ತಿಗೆಯ ಆಪರೇಷನ್ನಿನಲ್ಲಿ ಹುರಿಗೇ ಅಪಾಯ ಉಂಟು, ಅದನ್ನೂ ಹೇಳಬೇಕು. ಮಗ, ಅಳಿಯ, ಊರ ಹಿರಿಯರು, ಬಂದವರೆಲ್ಲ ಕೇಳುವಂತೆ ಕನ್ನಡದಲ್ಲಿ ಹೇಳು, ಸಹಿಯ ಕಾಗದ ಆಮೇಲೆ.

ಕಾಲು ಬರದೇ ಇರುವವರ ವಿಷಯವೂ ನಿನ್ನದೇ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ನಾಲ್ಕರಿಂದ ಆರು ತಾಸಿಗೊಮ್ಮೆ ನಳಿಗೆಯಿಂದ ಮೂತ್ರ ತೆಗೆಯುವುದನ್ನು ಹೆಂಡತಿಗೋ ತಾಯಿಗೋ ನೀನೇ ಕೈಹಿಡಿದು ಕಲಿಸಬೇಕು. ಬೆನ್ನುಹುರಿ ಕೆಟ್ಟವರಲ್ಲಿ ಎಷ್ಟೋ ಜನ ಸಾಯುವುದು ಹಾಸಿಗೆ ಹುಣ್ಣಿನಿಂದ, ಮೂತ್ರದ ಸೋಂಕಿನಿಂದ. ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ 1965ರ ಮೇ ತಿಂಗಳಲ್ಲಿ ಎವರೆಸ್ಟ್ ಏರಿದವರು, ಅದೇ ವರ್ಷದ ಯುದ್ಧದಲ್ಲಿ ಗುಂಡು ಬೆನ್ನುಹುರಿಗೆ ತಗುಲಿ ಗಾಲಿಕುರ್ಚಿಗೆ ಬಂದರು. ದೆಹಲಿಯ ಭಾರತೀಯ ಬೆನ್ನುಹುರಿ ಗಾಯಗಳ ಕೇಂದ್ರವನ್ನು ಕಟ್ಟಿದವರು ಅವರೇ. ಫೆಲೋಶಿಪ್‌ಗೆ ಅಲ್ಲಿಗೆ ಹೋಗುವ ಅವಕಾಶ ಸಿಕ್ಕರೆ ಓಟಿಯಷ್ಟೇ ಸಮಯವನ್ನು ಅಲ್ಲಿನ ಪುನಶ್ಚೇತನ ವಿಭಾಗದಲ್ಲೂ ಕಳೆ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯಲ್ಲಿ ಡಾ. ಎಸ್. ರಾಜಶೇಖರನ್ ಅವರ ತಂಡದಲ್ಲಿ ಕ್ಷಯ, ಗೂನು, ಡಿಸ್ಕ್ ಮೂರನ್ನೂ ಕಲಿಯಬಹುದು.

ಕಲಬುರಗಿಯಲ್ಲೇ ಇರಬಹುದೇ? ಇರಬಹುದು, ಇರಬೇಕು ಅಂತಲೇ ನನ್ನ ಆಸೆ. 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಶುರುವಾದಾಗ ಕಲಬುರಗಿ, ಬೀದರ್, ಯಾದಗಿರಿ ಕಡೆಗೆ ಅದೊಂದೇ. ಈಗ ಕಲಬುರಗಿಯಲ್ಲೇ ಜಿಮ್ಸ್, ಇಎಸ್‌ಐಸಿ, ಕೆಬಿಎನ್, ಬೀದರಿನ ಬ್ರಿಮ್ಸ್, ಯಾದಗಿರಿಯ ಕಾಲೇಜು ಎಲ್ಲ ಇವೆ. ಹೈದರಾಬಾದಿಗೆ ಹೋಗುವ ರೂಢಿ ಹಳೆಯದು. 1956ರತನಕ ನಾವು ಅದೇ ರಾಜ್ಯದಲ್ಲಿದ್ದೆವು, ಅಲ್ಲಿನ ನಿಮ್ಸ್ ಆಸ್ಪತ್ರೆ ಮೊದಲಿಗೆ ನಿಜಾಮರ ಹೆಸರಿನ ಮೂಳೆ ಆಸ್ಪತ್ರೆಯೇ ಆಗಿತ್ತು, ನಮ್ಮ ಅಜ್ಜಂದಿರು ಕಾಲು ಮುರಿದರೆ ಆ ಕಡೆಗೇ ಗಾಡಿ ಹತ್ತುತ್ತಿದ್ದರು. ಉಳಿದವರು ಸೊಲ್ಲಾಪುರಕ್ಕೆ, ಮಿರಜಿಗೆ. ಉಳ್ಳವರು ಈಗಲೂ ಹೋಗುತ್ತಾರೆ, ಹೋಗಲಿ. ಮಾಳಿಗೆಯಿಂದ ಬಿದ್ದವನಿಗೆ 220 ಕಿ.ಮೀ. ಹೋಗುವಷ್ಟು ಹೊತ್ತಿಲ್ಲ, ಮೂತ್ರ ಕಟ್ಟಿದ ಡಿಸ್ಕ್ ರೋಗಿಗೂ ಇಲ್ಲ.

ಒಬ್ಬಳೇ ಏನೂ ಮಾಡಲಾಗದು ಎಂಬುದನ್ನೂ ಹೇಳಿಬಿಡುತ್ತೇನೆ. ಬೋರಲು ಮಲಗಿದವರಿಗೆ ಅರಿವಳಿಕೆ ಕೊಟ್ಟು ಪಳಗಿದ ಡಾಕ್ಟರು, ಐಸಿಯು, ರಕ್ತನಿಧಿ, ಒಳ್ಳೆ ಫಿಸಿಯೋಥೆರಪಿಸ್ಟ್, ಇಷ್ಟು ಇಲ್ಲದ ಕಡೆ ಸ್ಕ್ರೂ ಹಾಕಲು ಹೋಗಬೇಡ. ಮೊದಲ ಎರಡು ಮೂರು ವರ್ಷ ಕೈ, ಕಾಲು, ಸೊಂಟದ ಮುರಿತಗಳೇ ನಿನ್ನ ಹೊಟ್ಟೆ ತುಂಬಿಸುತ್ತವೆ, ಬೆನ್ನಿನ ರೋಗಿ ತಿಂಗಳಿಗೆ ಬೆರಳೆಣಿಕೆ. ಧೃತಿಗೆಡಬೇಡ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಅದರ ಅರ್ಜಿ, ಅನುಮತಿ, ಕೋಡ್ ಎಲ್ಲವನ್ನೂ ನೀನೇ ಕಲಿತುಕೋ. ಆ ಕಾಗದ ಸರಿಯಿಲ್ಲದ್ದಕ್ಕೆ ಆಪರೇಷನ್ ಮುಂದೆ ಹೋಗಿ ಹೊಲ ಅಡವಿಟ್ಟವರನ್ನು ಕಂಡಿದ್ದೇನೆ. ಇಂಪ್ಲಾಂಟ್ ಮಾರುವವರು ನಿನ್ನ ಬಳಿ ಬಂದು ಕೂಡುತ್ತಾರೆ. ಯಾವ ರೋಗಿಗೆ ಎಷ್ಟು ಸ್ಕ್ರೂ ಎಂಬುದು ಅವರ ಜೊತೆ ಆಡುವ ಮಾತಲ್ಲ.

ಕೊನೆಗೆ ಅಪ್ಪನವರ ಕಾಲು. ನೀನು ಬರೆದದ್ದರಲ್ಲೇ ಅರ್ಧ ಉತ್ತರವಿದೆ. ನಡೆದರೆ ಕಾಲು ಭಾರ, ಕುಕ್ಕರಗಾಲಲ್ಲಿ ಕೂತರೆ ಹಗುರ, ಸೈಕಲ್ ಮೇಲೆ ಎಷ್ಟು ದೂರವಾದರೂ ಸರಿ. ಮುಂದೆ ಬಾಗಿದಾಗ ಸೊಂಟದ ನರಗಳ ಕೊಳವೆ ಸ್ವಲ್ಪ ಅಗಲವಾಗುತ್ತದೆ, ನೆಟ್ಟಗೆ ನಿಂತರೆ ಇಕ್ಕಟ್ಟಾಗುತ್ತದೆ. ಮೂವತ್ತು ವರ್ಷ ಕಲ್ಲು ಎತ್ತಿದ ಬೆನ್ನಲ್ಲಿ ಇದು ಕೊಳವೆ ಸಂಕುಚಿತವಾಗಿರುವ ಲಕ್ಷಣ. ಆದರೆ ಬೀಡಿ ಸೇದುವವರು. ಕಾಲಿನ ರಕ್ತನಾಳ ಕಟ್ಟಿದವರಿಗೂ ನಡೆದರೆ ಕಾಲು ಹಿಡಿಯುತ್ತದೆ. ಅವರಿಗೆ ಸುಮ್ಮನೆ ನಿಂತರೇ ಹಗುರಾಗುತ್ತದೆ, ಸೈಕಲ್ ತುಳಿದರೂ ಹಿಡಿಯುತ್ತದೆ. ಹಾಗಾಗಿ ಈ ಭಾನುವಾರ ಊರಿಗೆ ಹೋದಾಗ ಅಪ್ಪನನ್ನು ಹೊರಸಿನ ಮೇಲೆ ಮಲಗಿಸಿ ನೀನೇ ನೋಡು. ಪಾದದ ಮೇಲೆ ಮತ್ತು ಒಳಹರಡಿನ ಹಿಂದೆ ನಾಡಿ ಎರಡೂ ಕಾಲಲ್ಲಿ ಸಿಗುತ್ತದೆಯೇ? ಹೆಬ್ಬೆರಳನ್ನು ನಿನ್ನ ಬೆರಳಿಗೆ ಎದುರಾಗಿ ಮೇಲೆತ್ತಬಲ್ಲರೇ? ಒಂದೊಂದೇ ಕಾಲಿನ ತುದಿಬೆರಳ ಮೇಲೆ ನಿಲ್ಲಬಲ್ಲರೇ? ಸೊಂಟದ ಕೀಲು ತಿರುಗಿಸು, ನಾನು ಮರೆತದ್ದನ್ನು ನೀನು ಮರೆಯಬೇಡ. ಮೊಣಕಾಲಿಗೆ ಸುತ್ತಿಗೆ ತಾಕಿಸು. ಕಾಲು ಜೋರಾಗಿ ಚಿಮ್ಮಿದರೆ ಟೊಂಕವನ್ನು ಬಿಟ್ಟು ಕುತ್ತಿಗೆ, ಎದೆಯ ಕಡೆ ನೋಡಬೇಕಾಗುತ್ತದೆ, ಊರಿನ ನೀರು ಯಾವುದೆಂದೂ ಕೇಳು. ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆ.

ಎಂಆರ್‌ಐ ಆಮೇಲೆ ನೋಡೋಣ. ಚೂರಿಯ ಮಾತು ಈಗ ಎತ್ತಲೇಬೇಡ. ನರ ಕೊಳವೆ ಸಂಕುಚಿತವಾದ ಎಷ್ಟೋ ಜನರು ವ್ಯಾಯಾಮ, ಗುಳಿಗೆಯಲ್ಲಿ ವರ್ಷಗಟ್ಟಲೆ ಸಾಗುತ್ತಾರೆ. ಕಾಲಿನ ಬಲ ಇಳಿಯುತ್ತಿದೆ, ಇಲ್ಲವೇ ಮನೆಯಿಂದ ಗುಡಿಗೆ ಹೋಗಲೂ ಆಗುತ್ತಿಲ್ಲ ಎನ್ನುವ ಹಂತಕ್ಕೆ ಬಂದಾಗ ಕೂತು ಮಾತಾಡೋಣ. ಬೀಡಿ ಮಾತ್ರ ಇವತ್ತೇ ಬಿಡಿಸು, ರಕ್ತನಾಳಕ್ಕೂ ಡಿಸ್ಕಿಗೂ ಅದು ವಿಷ. ಸೈಕಲ್ ಬಿಡಿಸಬೇಡ.